ಅರ್ಧ ಕೆರೆದ ತಂತಿ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು 10ನೇ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’. ಮೋಟಾರಿಗೆ ಒಂದು ಅವಧಿ ಸಾಕು, ಮಾದರಿ ಮಾಡಿ ತಂದು ತೋರಿಸಿಬಿಡಿ ಎಂದರು ಮಾರ್ಗದರ್ಶಕ ಶಿಕ್ಷಕರು. ಎಸ್ಸೆಸ್ಸೆಲ್ಸಿ ಮಕ್ಕಳ ಸಮಯದ ಬೆಲೆ ಅವರಿಗೆ ಗೊತ್ತು. ಆದರೂ ಎರಡು ಅವಧಿ ಕೇಳಿ ಪಡೆದೆ. ಮೋಟಾರನ್ನು ಮಕ್ಕಳೇ ಮಾಡಲಿ ಎಂಬುದು ನನ್ನ ಆಸೆ.

ಆಟಿಕೆ ನನ್ನದಲ್ಲ. ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ತೊಡಗಿಕೊಂಡಿದ್ದ ಅರವಿಂದ ಗುಪ್ತ ಅವರು ಕಸದಿಂದ ಮಾಡುವ ನೂರಾರು ಆಟಿಕೆಗಳನ್ನು ಶಾಲೆಗಳಿಗೆ ತಲುಪಿಸಿದ್ದಾರೆ. ಈ ಮೋಟಾರೂ ಅವುಗಳಲ್ಲೊಂದು. ಸೈಕಲ್ ಟ್ಯೂಬಿನ ಪಟ್ಟಿ, ಎರಡು ಸೇಫ್ಟಿ ಪಿನ್, ಕೆಟ್ಟ ಸ್ಪೀಕರಿನಿಂದ ಬಿಡಿಸಿದ ಅಯಸ್ಕಾಂತ, ರಿವೈಂಡಿಂಗ್ ಅಂಗಡಿಯಲ್ಲಿ ಉಳಿದ ತಾಮ್ರದ ತಂತಿ. (ಬೋರ್‌ವೆಲ್ ಇರುವ ಸೀಮೆಯಲ್ಲಿ ಈ ಅಂಗಡಿಗೆ ಬರವಿಲ್ಲ.) ದುಡ್ಡು ಕೊಟ್ಟು ತಂದದ್ದು ಸೆಲ್ ಮಾತ್ರ.

ಸೆಲ್ಲಿಗೇ ತಂತಿಯನ್ನು ಹತ್ತು ಸುತ್ತು ಸುತ್ತಿ ಸುರುಳಿ ಮಾಡಿ, ಅದರ ಎರಡು ತುದಿಗಳನ್ನು ಪಿನ್ನುಗಳ ಕಣ್ಣಿಗೆ ತೂರಿಸಬೇಕು. ತಂತಿಯ ಮೇಲೆ ವಾರ್ನಿಷ್ ಇರುವುದರಿಂದ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಬೇಕು. ಎಷ್ಟು ಎಂದು ನಾನು ಹೇಳಲಿಲ್ಲ. ಎಂಟು ಗುಂಪಿನವರೂ ಎರಡೂ ತುದಿಗಳನ್ನು ಥಳಥಳ ಹೊಳೆಯುವಂತೆ ಉಜ್ಜಿದರು. ಸುರುಳಿ ಅತ್ತಿತ್ತ ತೂಗಾಡಿ ನಿಂತಿತು. ಸೆಲ್ ಬಿಸಿಯಾಗತೊಡಗಿತು, ಹಾಗೆ ನಿಂತಾಗ ಪಿನ್ನಿನಿಂದ ಸುರುಳಿಯನ್ನು ತೆಗೆಸುವುದು ಒಳ್ಳೆಯದು.

ಅರ್ಧ ಸುತ್ತಿನಲ್ಲಿ ಮುಂದಕ್ಕೆ ತಳ್ಳುವ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ಸುರುಳಿಯನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾ ಅವರೇ ಕಂಡುಕೊಂಡರು. ಹಾಗಾದರೆ ಉಳಿದರ್ಧ ಕರೆಂಟು ಬರಬಾರದು ಎಂದಳು ಒಬ್ಬಳು. ಹೊಸ ತಂತಿ ತೆಗೆದುಕೊಂಡು ಒಂದು ತುದಿಯನ್ನು ಪೂರ್ತಿ, ಇನ್ನೊಂದನ್ನು ಒಂದೇ ಮಗ್ಗುಲು ಉಜ್ಜಿದಳು. ತಿರುಗಿತು! ಪಠ್ಯದ ಒಡಕು ಉಂಗುರ ಇದಕ್ಕಿಂತ ಜಾಣ, ಅದು ಪ್ರವಾಹವನ್ನು ತಡೆಯುವ ಬದಲು ದಿಕ್ಕನ್ನೇ ಬದಲಿಸುತ್ತದೆ ಎಂದಾಗ ಯಾರೂ ಮುಖ ಗಂಟಿಕ್ಕಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮಿಸ್, ನಮ್ಮ ಬೋರ್‌ವೆಲ್ ಮೋಟ್ರಲ್ಲೂ ಅರ್ಧ ಕೆರ್ದಿರ್ತಾರಾ?”

ಇಲ್ಲ. ಅದು ಇಂಡಕ್ಷನ್ ಮೋಟಾರು, ಅದಕ್ಕೆ ಒಡಕು ಉಂಗುರವೂ ಇಲ್ಲ, ಬ್ರಷ್ಷೂ ಇಲ್ಲ. 50 ಹರ್ಟ್ಸ್ ಪರ್ಯಾಯ ಪ್ರವಾಹ ಸೆಕೆಂಡಿಗೆ ನೂರು ಸಲ ತಾನೇ ದಿಕ್ಕು ಬದಲಿಸುತ್ತದೆ. ನಾವು ಪಾಠ ಮಾಡುವ ಮೋಟಾರೇ ಬೇರೆ, ಮಕ್ಕಳ ಹೊಲಕ್ಕೆ ನೀರೆತ್ತುವ ಮೋಟಾರೇ ಬೇರೆ. ನಾನು ಮಾಡಿ ತಂದ ಮಾದರಿ ಮೊದಲ ಸಲಕ್ಕೇ ತಿರುಗುತ್ತಿತ್ತು, ಈ ಪ್ರಶ್ನೆ ಮಾತ್ರ ಬರುತ್ತಿರಲಿಲ್ಲ. ನಮ್ಮ ಅವಲೋಕನ ಪತ್ರದಲ್ಲಿ ಕಲಿಕೋಪಕರಣಕ್ಕೆ ಅಂಕವಿದೆ. ಅದನ್ನು ಯಾರ ಕೈ ಮಾಡಿತು ಎಂದು ಬರೆಯಲು ಜಾಗವಿಲ್ಲ. ಒಂದು ಸಾಲು ಸೇರಿಸಬಹುದೇನೋ.

ಎರಡು ಗುಂಪಿನ ಮೋಟಾರು ಗಂಟೆ ಹೊಡೆದರೂ ತಿರುಗಲಿಲ್ಲ. ಮರುದಿನ ಆ ಹಿಂದಿನ ಬೆಂಚಿನ ಹುಡುಗ ತಮ್ಮ ಸುಟ್ಟ ಮೋಟಾರಿನ ತಂತಿಯನ್ನು ಚೀಲದಲ್ಲಿ ತಂದ. ವಾರ್ನಿಷ್ ಕರಿದಾಗಿ ಉದುರುತ್ತಿತ್ತು. “ಒಳಗೆಲ್ಲಾ ಕೆರ್ದಂಗಾಗೈತೆ ಮಿಸ್, ಕರೆಂಟು ಸುತ್ತು ಹಾಕದೆ ಅಡ್ಡದಾರಿ ಹಿಡ್ದೈತೆ” ಎಂದು ಪಕ್ಕದವನಿಗೂ ತೋರಿಸಿದ. ಆ ದಿನದ ಅವಧಿ ಬೇರೆ ಪಾಠಕ್ಕಿತ್ತು. ಹತ್ತು ನಿಮಿಷ ತಂತಿಗೆ ಹೋಯಿತು.