ಅರ್ಧ ಹನಿಯ ಲೆಕ್ಕ

ಬಿ.ಎಸ್‌ಸಿ. ಓದುವಾಗ ನನಗೆ ಥಿಯರಿ ಕ್ಲಾಸಿಗಿಂತ ಕೆಮಿಸ್ಟ್ರಿ ಲ್ಯಾಬಿನ ಮೇಲೇ ಮೋಹ. ಅಲ್ಲಿಯ ಗಾಜಿನ ಸಾಮಾನುಗಳಲ್ಲೆಲ್ಲ ಮನಸ್ಸು ಕದ್ದದ್ದು ಬ್ಯುರೆಟ್. ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲುವ, ಮೈತುಂಬ ಗೆರೆಗಳಿರುವ ಕೊಳವೆ. 50 ಮಿ.ಲೀ. ಹಿಡಿಯುತ್ತದೆ, ಗೆರೆಯಿಂದ ಗೆರೆಗೆ 0.1 ಮಿ.ಲೀ. ನೋಡಲು ಬಲು ಸಾಧು, ಕೈಗೆ ಪಳಗುವುದು ಮಾತ್ರ ನಿಧಾನ.

ಮೊದಲ ಪಾಠವೇ ತೊಳೆಯುವುದು. ನೀರಲ್ಲಿ ತೊಳೆದ ಬ್ಯುರೆಟ್ಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ಮತ್ತೊಮ್ಮೆ ಗಲಬರಿಸಬೇಕು. ಇಲ್ಲದಿದ್ದರೆ ಒಳಗುಳಿದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ. ಬ್ಯುರೆಟ್ಟಿನ ಕೆಳಗೆ ಹಿಡಿಯುವ ಕೋನಿಕಲ್ ಫ್ಲಾಸ್ಕಿಗೆ ಈ ಉಪಚಾರ ಸಲ್ಲದು. ಅಲ್ಲಿ ಡಿಸ್ಟಿಲ್ಡ್ ವಾಟರ್ ಎಷ್ಟಿದ್ದರೂ ಅಡ್ಡಿಯಿಲ್ಲ, ಅಳೆದು ಹಾಕಿದ ಆಮ್ಲವೇನೂ ಅದರಿಂದ ಹೆಚ್ಚುಕಡಿಮೆಯಾಗದು. ಆ ಆಮ್ಲವನ್ನು ಅಳೆದು ಹಾಕುವ ಪಿಪೆಟ್ಟಿನದು ಇನ್ನೊಂದು ಶಿಸ್ತು. ದ್ರಾವಣ ಇಳಿದ ಮೇಲೂ ತುದಿಯಲ್ಲಿ ಚೂರು ಉಳಿಯುತ್ತದೆ, ಅದನ್ನು ಊದಿ ಬೀಳಿಸುವ ಆಸೆ ಎಲ್ಲರಿಗೂ. “ಊದಬೇಡಮ್ಮಾ, ಅದನ್ನು ಬಿಟ್ಟೇ ಗೆರೆ ಹಾಕಿರೋದು” ಅನ್ನುತ್ತಿದ್ದರು ಮೇಷ್ಟ್ರು.

ಆಮೇಲೆ ಕಣ್ಣಿನ ಸರದಿ. ಬಣ್ಣವಿಲ್ಲದ ದ್ರಾವಣವಾದರೆ ಬಾಗಿದ ಮೇಲ್ಮೈಯ ತಳವನ್ನು ಓದಬೇಕು. ಕಡುನೇರಳೆಯ ಪರ್ಮಾಂಗನೇಟ್ ಆದರೆ ತಳ ಕಾಣದು, ಮೇಲಂಚನ್ನೇ ಓದಬೇಕು. ಕಣ್ಣು ಗೆರೆಯ ಮಟ್ಟಕ್ಕೆ ಬಾರದಿದ್ದರೆ ರೀಡಿಂಗ್ ಸುಳ್ಳು ಹೇಳುತ್ತದೆ. ಪರ್ಮಾಂಗನೇಟ್ ಪ್ರಯೋಗದ ದಿನ ಎದುರಿಗಿರುತ್ತಿದ್ದ ತಿಳಿಹಸಿರು ಮೋರ್ ಸಾಲ್ಟ್‌ಗೆ ಹೆಸರು ಬಂದದ್ದು ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್‌ನಿಂದ. ಔಷಧ ತಯಾರಿಕೆಯ ಮನೆತನದವನು. ಬ್ಯುರೆಟ್ಟಿನ ಬುಡಕ್ಕೆ ರಬ್ಬರ್ ನಳಿಗೆ, ಚಿಮಟಿ ಸೇರಿಸಿ ಹನಿಯನ್ನು ಕೈಯ ಹತೋಟಿಗೆ ತಂದವನು. ಹೀಗೆ ಹನಿಹನಿಯಾಗಿ ಅಳೆಯುವ ಟೈಟ್ರೇಶನ್ ಕುರಿತ ಅವನ ಪಠ್ಯಪುಸ್ತಕ ಬಂದದ್ದು 1855ರಲ್ಲಿ.

ನನಗೆ ಅಚ್ಚುಮೆಚ್ಚಿನದು ಮಾತ್ರ ಬಣ್ಣದಿಂದ ಸುಳಿವು ಕೊಡುವ ಫಿನಾಲ್ಫ್‌ಥಲೀನ್ ಹಾಕಿದ ಆಮ್ಲಕ್ಕೆ ಕ್ಷಾರ ಬಿಡುವ ಪ್ರಯೋಗ. ಎಡಗೈ ಸ್ಟಾಪ್‌ಕಾಕ್ ಮೇಲೆ, ಬಲಗೈಯಲ್ಲಿ ಫ್ಲಾಸ್ಕ್, ಕೆಳಗೆ ಬಿಳಿ ಟೈಲ್. ಹನಿ ಬಿದ್ದಲ್ಲಿ ಗುಲಾಬಿ ಮೂಡಿ ತಟ್ಟನೆ ಮಾಯ. ಬರಬರುತ್ತ ಆ ಬಣ್ಣ ಹೋಗಲು ಮೀನಮೇಷ ಎಣಿಸತೊಡಗುತ್ತದೆ. ಕೈ ನಿಧಾನಿಸಬೇಕಾದದ್ದು ಆಗ. ಕೊನೆಗೆ ಪೂರ್ತಿ ಹನಿಯೂ ಹೆಚ್ಚು: ತುದಿಯಲ್ಲಿ ಅರ್ಧ ಹನಿ ಮೂಡಿಸಿ, ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ, ವಾಷ್ ಬಾಟಲಿಯ ನೀರಿನಿಂದ ಒಳಗಿಳಿಸಬೇಕು. ಅರ್ಧ ನಿಮಿಷ ನಿಂತ ನಸುಗುಲಾಬಿಯೇ ಎಂಡ್ ಪಾಯಿಂಟ್. ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಬಣ್ಣ ಮಾಸಿದರೆ ಮಾಸಲಿ. ಕಡುಗುಲಾಬಿಯಾದರೆ ಮಾತ್ರ ಗಡಿ ದಾಟಿತೆಂದೇ ಅರ್ಥ. ಸುರಿಯಲು ಯಾರಿಗಾದರೂ ಬರುತ್ತದೆ. ಬ್ಯುರೆಟ್ ಕಲಿಸುವುದು ನಿಲ್ಲಿಸುವುದನ್ನು.

ಒಂದೇ ರೀಡಿಂಗ್ ಎರಡು ಸಲ ಬಂದರೆ ಮುಗಿಯಿತು, ರೆಕಾರ್ಡಿಗೆ ಸಹಿ ಬೀಳುತ್ತದೆ. ನಾನೋ ಫ್ಲಾಸ್ಕ್ ತೊಳೆದು ಇನ್ನೊಮ್ಮೆ ಶುರುಮಾಡುತ್ತಿದ್ದೆ, ಅಂಕದ ಆಸೆಗಲ್ಲ, ಆ ಬಣ್ಣ ನಿಲ್ಲುವ ಗಳಿಗೆಯ ಆಸೆಗೆ. “ಸಾಕು ಮಾಡ್ರಮ್ಮಾ, ಬೀಗ ಹಾಕ್ಬೇಕು” ಎಂದು ಅಟೆಂಡರ್ ಗೊಣಗುತ್ತಿದ್ದರು. ಹನಿ ನಿಲ್ಲಿಸಲು ಕಲಿತವಳಿಗೆ ಆಟ ನಿಲ್ಲಿಸಲು ಮಾತ್ರ ಬರಲೇ ಇಲ್ಲ.