ಹಿಂದಿನ ಮನೆಯವರ ಮಾತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಬಾಡಿಗೆಗೆ ಮನೆ ಹಿಡಿದು ನೋಡು’ ಎಂಬ ಮೂರನೆಯ ಮಾತನ್ನು ಸೇರಿಸದೆ ಹೋದರು. ಬಹುಶಃ ಅವರೆಲ್ಲರೂ ಸ್ವಂತ ಸೂರಿನಡಿಯಲ್ಲಿ ಇದ್ದವರಿರಬೇಕು. ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆಯನ್ನು ಕಂಡು, ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು, ಸಂಕೋಚದಿಂದ ಒಳಗೆ ಕಾಲಿಡುವ ಗೃಹಸ್ಥನಿಗೆ ಮಾತ್ರ ಆ ಪರೀಕ್ಷೆಯ ಕಷ್ಟ ಗೊತ್ತು. ಊರು ಯಾವುದು, ಉದ್ಯೋಗವೇನು, ಮಕ್ಕಳೆಷ್ಟು, ನೆಂಟರಿಷ್ಟರು ಎಷ್ಟು ಸಲ ಬರುತ್ತಾರೆ — ಇವೆಲ್ಲ ಸುಲಭದ ಪ್ರಶ್ನೆಗಳು. ಎಲ್ಲವೂ ಮುಗಿಯಿತೆಂದು ಎದ್ದು ನಿಲ್ಲುವ ಹೊತ್ತಿಗೆ ಬರುವ ಪ್ರಶ್ನೆಯೇ ಕಠಿಣವಾದುದು: “ಮುಂಚೆ ಯಾರ ಮನೆಯಲ್ಲಿದ್ದಿರಿ? ಅವರ ನಂಬರು ಕೊಡಿ, ಒಂದು ಮಾತು ಕೇಳಿಬಿಡುತ್ತೇನೆ.”

ಹಿಂದಿನ ಮನೆಯಲ್ಲಿ ನಾಲ್ಕಾರು ತಿಂಗಳ ಬಾಡಿಗೆ ನಿಲ್ಲಿಸಿಕೊಂಡಿದ್ದವನ ನಾಲಗೆ ಆಗ ಒಣಗುತ್ತದೆ.

ನಂಜನಗೂಡು ತಾಲ್ಲೂಕಿನ ಕವಲಂದೆಯಂಥ ಊರಿನಲ್ಲಿ ಈ ವಿಚಾರಣೆಗೆ ಫೋನು ಬೇಕಾಗುವುದಿಲ್ಲ. ಇಂಥವರ ಮಗ, ಇಂಥವರ ಅಳಿಯ ಎಂದರೆ ಸಾಕು. ಉಳಿದುದನ್ನು ದಿನಸಿ ಅಂಗಡಿಯವರೂ ಹಾಲಿನವರೂ ಕೇಳದೆಯೇ ಹೇಳುತ್ತಾರೆ. ಆದರೆ 1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರದವರೆಗೆ ಮುಂದುವರಿದ ರೈಲುದಾರಿಯ ಮೇಲೆ ಕವಲಂದೆಯೂ ಒಂದು ನಿಲ್ದಾಣ. ದುಡಿಮೆಯನ್ನರಸಿ ಅಲ್ಲಿ ರೈಲು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋದವನನ್ನು ಅಲ್ಲಿನ ಬೀದಿಗಳು ಗುರುತಿಸವು. ಊರಿನಲ್ಲಿ ಅಪ್ಪನ ಹೆಸರು ಮಾಡುತ್ತಿದ್ದ ಕೆಲಸವನ್ನು ಪಟ್ಟಣದಲ್ಲಿ ಹಿಂದಿನ ಮನೆಯ ಮಾಲೀಕರ ಮಾತು ಮಾಡಬೇಕಾಗುತ್ತದೆ.

ಅಂಥ ಕವಲಂದೆಯ ತರುಣನೊಬ್ಬನನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನ ಸಣ್ಣದೊಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ತಿಂಗಳಿಗೆ 5,000 ರೂಪಾಯಿ ಬಾಡಿಗೆಯ ಮನೆ. ಕೊಟ್ಟಿದ್ದ ಮುಂಗಡ 20,000. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿತು. ಅದೇ 29ರಂದು ಕೇಂದ್ರ ಗೃಹ ಇಲಾಖೆ, ಕೂಲಿಕಾರರಿಂದ ಒಂದು ತಿಂಗಳ ಮಟ್ಟಿಗೆ ಮನೆಬಾಡಿಗೆ ಕೇಳಕೂಡದೆಂದು ಆಜ್ಞೆ ಹೊರಡಿಸಿತು. ತಿಂಗಳು ಕಳೆಯಿತು, ಕಾರ್ಖಾನೆ ತೆರೆಯಲಿಲ್ಲ. ಆರು ತಿಂಗಳ ಬಾಕಿ 30,000 ರೂಪಾಯಿಗೆ ಮುಟ್ಟಿತು. ಮುಂಗಡವನ್ನು ಅದಕ್ಕೇ ವಜಾ ಹಾಕಿಸಿ, 10,000 ಉಳಿಸಿಕೊಂಡು, ಅವನು ಹೆಂಡತಿ ಮಕ್ಕಳೊಡನೆ ಊರಿಗೆ ಮರಳಿದ. ಆಮೇಲೆ ಮೈಸೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಮಗಳನ್ನು ಅಲ್ಲಿಯೇ ಶಾಲೆಗೆ ಸೇರಿಸುವ ಆಸೆ. ಮನೆಯೂ ಒಪ್ಪಿತವಾಯಿತು. ಉಳಿದುದು ಆ ಒಂದು ಪ್ರಶ್ನೆ.

ಅವನ ಮುಂದೆ ಮೂರು ದಾರಿಗಳಿವೆ. ಸ್ನೇಹಿತನೊಬ್ಬನ ನಂಬರು ಕೊಟ್ಟು, ‘ಹಿಂದಿನ ಮಾಲೀಕರು’ ಎಂದು ಮಾತನಾಡಿಸುವುದು ಮೊದಲನೆಯದು. ಇದನ್ನು ಜಾಣತನವೆಂದು ತಿಳಿದವರುಂಟು. ಆದರೆ ಹೊಸ ಮಾಲೀಕರು ಅನುಭವಸ್ಥರಾಗಿದ್ದು, “ನಿಮ್ಮ ಮನೆಯ ಕರೆಂಟು ಬಿಲ್ಲು ಯಾರ ಹೆಸರಿಗೆ ಬರುತ್ತಿತ್ತು ಸ್ವಾಮಿ?” ಎಂದು ಕೇಳಿದರೆ ನಾಟಕಕ್ಕೆ ತೆರೆ ಬೀಳುತ್ತದೆ. ಬಾಕಿದಾರನೆಂಬ ಹೆಸರಿನ ಜೊತೆಗೆ ಸುಳ್ಳುಗಾರನೆಂಬ ಹೆಸರೂ ಸೇರಿಕೊಳ್ಳುತ್ತದೆ. ಮೊದಲನೆಯದನ್ನು ದುಡ್ಡು ತೊಳೆದೀತು. ಎರಡನೆಯದನ್ನು ತೊಳೆಯಲು ಏನೂ ಇಲ್ಲ.

‘ಊರಿನಲ್ಲೇ ಇದ್ದೆವು’ ಎಂದು ಆ ವರ್ಷಗಳನ್ನೇ ನುಂಗಿಬಿಡುವುದು ಎರಡನೆಯ ದಾರಿ. ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ವಿವರಗಳಲ್ಲಿ ಹೇಗೂ ಬಾಕಿಯ ವಿಚಾರ ಬರುವುದಿಲ್ಲ, ಯಾರಿಗೆ ತಿಳಿದೀತು ಎಂಬ ಧೈರ್ಯ. ಆದರೆ ಆಧಾರ್ ಚೀಟಿಯ ಮೇಲಿನ ಬೆಂಗಳೂರಿನ ವಿಳಾಸವೋ, ಮನೆಯಾಕೆ ಬಾವಿಕಟ್ಟೆಯ ಮಾತಿನಂತೆ ಸಹಜವಾಗಿ ಆಡಿಬಿಡುವ ‘ನಾವು ಬೆಂಗಳೂರಿನಲ್ಲಿದ್ದಾಗ’ ಎಂಬ ಮಾತೋ ಗುಟ್ಟನ್ನು ಹೊರಹಾಕುತ್ತದೆ.

ಮೂರನೆಯದು ನಿಧಾನದ ದಾರಿ. ಹೊಸ ಮನೆ ನೋಡುವುದಕ್ಕೆ ಮೊದಲೇ ಹಳೆಯ ಮನೆಯವರಿಗೆ ಫೋನು ಮಾಡುವುದು. “ಅಮ್ಮಾ, ಮರೆತಿಲ್ಲ. ಒಟ್ಟಿಗೆ ಕೊಡಲು ಶಕ್ತಿಯಿಲ್ಲ, ತಿಂಗಳಿಗೆ ಎರಡು ಸಾವಿರದಂತೆ ಕಳುಹಿಸುತ್ತೇನೆ” ಎನ್ನುವುದು. ಐದು ತಿಂಗಳು ತಪ್ಪದೆ ಬ್ಯಾಂಕಿನ ಮೂಲಕವೇ ಹಣ ಕಳುಹಿಸಿ, ‘ಬಾಡಿಗೆ ಬಾಕಿ ಬಾಬ್ತು’ ಎಂದು ಪ್ರತಿ ಸಲವೂ ಬರೆಯುವುದು. ಕೊನೆಯಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಬಾಡಿಗೆ ಪೂರ್ತಿ ಸಂದಿದೆ, ಇನ್ನೇನೂ ಬರತಕ್ಕದ್ದಿಲ್ಲ ಎಂದು ಅವರಿಂದ ಎರಡು ಸಾಲು ಬರೆಸಿಕೊಳ್ಳುವುದು. ನಗದಾಗಿ ಕೊಟ್ಟ ಮೊತ್ತ 5,000 ರೂಪಾಯಿ ಮೀರಿದ್ದರೆ ರಸೀದಿಯ ಮೇಲೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಸಹಿ ಮಾಡಿಸುವುದು. ಆ ಒಂದು ಕಾಗದ, ಹತ್ತು ಜನರ ಶಿಫಾರಸ್ಸಿಗಿಂತ ಗಟ್ಟಿ.

ಅದನ್ನು ಹಿಡಿದು ಹೊಸ ಮನೆಯ ಮೆಟ್ಟಿಲೇರಿದವನು, ಕೇಳುವುದಕ್ಕೆ ಮೊದಲೇ ತಾನಾಗಿ ಹೇಳಬೇಕು: ಇಂಥ ವರ್ಷ ಕೆಲಸ ಹೋಯಿತು, ಇಷ್ಟು ಬಾಕಿ ನಿಂತಿತು, ಇಗೋ ತೀರಿಸಿದ ಲೆಕ್ಕ, ಇದು ಈಗಿನ ಸಂಬಳದ ಚೀಟಿ. ಬಾಕಿ ಇನ್ನೂ ತೀರಿಲ್ಲದಿದ್ದರೆ ತೀರಿಸುತ್ತಿರುವ ಲೆಕ್ಕವನ್ನಾದರೂ ತೋರಿಸಬೇಕು. ಹಳೆಯ ಮಾಲೀಕರು ತೀರಿಹೋಗಿದ್ದರೆ ಬ್ಯಾಂಕಿನ ಪುಸ್ತಕವೇ ಸಾಕ್ಷಿ. ಶಕ್ತಿಯಿದ್ದರೆ ಒಂದು ತಿಂಗಳ ಮುಂಗಡ ಹೆಚ್ಚಿಗೆ ಕೊಡುತ್ತೇನೆನ್ನಬಹುದು. ಇಲ್ಲವೇ ನಂಬಿಕಸ್ಥರೊಬ್ಬರನ್ನು ಜಾಮೀನಿಗೆ ಕರೆತರಬಹುದು. ಮುಚ್ಚಿಟ್ಟದ್ದನ್ನು ಕಂಡುಹಿಡಿದ ಮಾಲೀಕರಿಗೆ ಕೋಪ ಬರುತ್ತದೆ; ತಾನಾಗಿ ಹೇಳಿದುದನ್ನು ಕೇಳಿದ ಮಾಲೀಕರಿಗೆ ಯೋಚನೆ ಬರುತ್ತದೆ. ಯೋಚಿಸುವವರ ಮುಂದೆ ನಿಲ್ಲುವುದು ಸುಲಭ.

ಕಾನೂನು ಕೂಡ ತಪ್ಪಿದವನನ್ನು ಒಂದೇ ಏಟಿಗೆ ಬೀದಿಗೆ ತಳ್ಳುವುದಿಲ್ಲ. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ, ಬಾಕಿಗಾಗಿ ನೋಟೀಸು ಮುಟ್ಟಿದ ಮೇಲೆ ತೀರಿಸಲು ಎರಡು ತಿಂಗಳ ವಾಯಿದೆಯಿತ್ತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 114ನೆಯ ಕಲಮಿನಂತೆ, ಬಾಡಿಗೆ ತಪ್ಪಿದ್ದಕ್ಕಾಗಿ ಗುತ್ತಿಗೆ ರದ್ದಾಯಿತೆಂದು ದಾವೆ ಹೂಡಿದ ಮೇಲೂ, ವಿಚಾರಣೆಯ ವೇಳೆಗೆ ಬಾಕಿ, ಬಡ್ಡಿ, ಖರ್ಚುಗಳನ್ನು ಕಟ್ಟಿದವನನ್ನು ನ್ಯಾಯಾಲಯ ಉಳಿಸಬಹುದು. ಬಾಕಿ ವಸೂಲಿಯ ದಾವೆಗೆ 1963ರ ಕಾಲಮಿತಿ ಕಾಯಿದೆ ಮೂರು ವರ್ಷಗಳ ಗಡುವಿಟ್ಟಿದೆ. ಅಮೆರಿಕದಲ್ಲಿ ಬಾಡಿಗೆದಾರರ ಚರಿತ್ರೆಯನ್ನು ಹೆಕ್ಕಿ ಕೊಡುವ ಕಂಪನಿಗಳೇ ಇವೆ. ಅಲ್ಲಿಯೂ 1970ರ ಕಾಯಿದೆಯೊಂದರ ಪ್ರಕಾರ ಇಂಥ ಹಳೆಯ ಬಾಕಿಗಳನ್ನು ಸಾಮಾನ್ಯವಾಗಿ ಏಳು ವರ್ಷಗಳಾಚೆ ವರದಿಯಲ್ಲಿ ಎತ್ತುವಂತಿಲ್ಲ. ಆದರೆ ಜನರ ಬಾಯಿಗೆ ಇಂಥ ಗಡುವು ಯಾವುದೂ ಇಲ್ಲ. ಕಾನೂನಿನ ಮಟ್ಟಿಗೆ ಸತ್ತ ಬಾಕಿ, ಫೋನಿನ ಆ ತುದಿಯಲ್ಲಿ ಹತ್ತು ವರ್ಷವಾದರೂ ಬದುಕಿರುತ್ತದೆ. ಆದುದರಿಂದಲೇ ಗಡುವು ಕಳೆಯಲೆಂದು ಕಾದವನಿಗಿಂತ ತೀರಿಸಿ ರಸೀದಿ ಪಡೆದವನಿಗೆ ಮನೆ ಬೇಗ ಸಿಗುತ್ತದೆ.

ಮನೆಯೊಡೆಯರ ಸಂಶಯವನ್ನು ಕ್ರೌರ್ಯವೆನ್ನುವುದೂ ಸಲ್ಲದು. ಎಷ್ಟೋ ಕಡೆ ಮೇಲಂತಸ್ತಿನ ಬಾಡಿಗೆಯೇ ಕೆಳಗಿನ ವೃದ್ಧ ದಂಪತಿಗಳ ಔಷಧಿಯ ಖರ್ಚು. ಬಾಡಿಗೆ ನಿಂತರೆ ಅವರ ಒಲೆಯೂ ನಿಲ್ಲುತ್ತದೆ. ಆದರೆ ಅವರ ಮೇಲೂ ಒಂದು ಹೊಣೆಯುಂಟು. ಬಾಡಿಗೆ ಪಡೆದಾಗಲೆಲ್ಲ ರಸೀದಿ ಕೊಡಬೇಕು. ಬಾಕಿ ತೀರಿದ ದಿನ ತೀರಿತೆಂದು ಬರೆದುಕೊಡಲು ಹಿಂದೆಮುಂದೆ ನೋಡಬಾರದು. ಹೊಸಬರು ಫೋನು ಮಾಡಿದಾಗ “ಬಾಡಿಗೆ ನಿಲ್ಲಿಸಿದ್ದ” ಎಂದಿಷ್ಟೇ ಹೇಳಿ ಸುಮ್ಮನಾದರೆ, ಅದು ಅರ್ಧ ಸತ್ಯ. “ಆಮೇಲೆ ತೀರಿಸಿದ” ಎಂಬ ಉಳಿದರ್ಧದಲ್ಲಿ ಒಂದು ಸಂಸಾರದ ನೆಲೆ ಅಡಗಿರುತ್ತದೆ.

ಮೇಲಿನ ತರುಣನಂಥವನಿಗೆ ಮೈಸೂರಿನ ಮನೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಮೊದಲ ತಿಂಗಳ ಬಾಡಿಗೆ ಕೊಡಲು ಹೋದವನು ಹಣದ ಜೊತೆಗೆ ರಸೀದಿ ಪುಸ್ತಕವನ್ನೂ ತಾನೇ ಕೊಂಡೊಯ್ಯುತ್ತಾನೆ. “ಇಷ್ಟು ಸಂಶಯವೇನಪ್ಪಾ ನಿನಗೆ?” ಎಂದು ಮಾಲೀಕರು ನಕ್ಕರೆ, “ಸಂಶಯವಲ್ಲ ಸ್ವಾಮಿ, ಮುಂದಿನ ಮನೆಯವರು ಕೇಳುತ್ತಾರೆ” ಎನ್ನುತ್ತಾನೆ. ಕನ್ನಡಕ ಏರಿಸಿಕೊಂಡು ಅವರು ಸಹಿ ಹಾಕುತ್ತಾರೆ.