ಅಂಕಲಿಯ ಕರಿಕಲ್ಲು, ಅಂಕಲಿಯ ಸವಳು

ಚಿಕ್ಕೋಡಿಯಿಂದ ಮೀರಜ್ ಕಡೆಗೆ ಹೊರಟರೆ ದಾರಿಯಲ್ಲಿ ಅಂಕಲಿ. ಸುತ್ತ ಕಬ್ಬು, ಕೆಳಗೆ ಎರೆಮಣ್ಣು, ಹತ್ತಿರದಲ್ಲೇ ಕೃಷ್ಣೆ. ಬಂದವರೆಲ್ಲ ಹೊಳೆ ನೋಡಿ ಹೋಗುತ್ತಾರೆ. ಬಾವಿ ತೋಡಿದಾಗ ಮೇಲೆ ಒಗೆದ ಕರಿಕಲ್ಲನ್ನು ಯಾರೂ ನೋಡುವುದಿಲ್ಲ.

ಆ ಕಲ್ಲು ಒಡೆದರೆ ಒಳಗೆ ಕೆಲವೊಮ್ಮೆ ಸಾಸಿವೆಯಷ್ಟು, ಕಡಲೆಯಷ್ಟು ಬಿಳಿ ಚುಕ್ಕೆಗಳಿರುತ್ತವೆ. ರಜೆಗೆ ಬಂದಿದ್ದ ಮೊಮ್ಮಗಳು ಒಂದನ್ನು ಬಿಸಿಲಿಗೆ ಹಿಡಿದು, “ಅಜ್ಜಾ, ಇದರಾಗ ಸಕ್ಕರಿ ಯಾರು ತುಂಬ್ಯಾರ?” ಎಂದಳು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಪದರದ ಮೇಲೆ ಪದರ ಕೂತು, ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿಯ ಈ ಭಾಗದವರೆಗೂ ಕರಿಕಲ್ಲಾಯಿತು. ಲಾವಾ ಆರುವಾಗ ಒಳಗಿನ ಗಾಳಿಗುಳ್ಳೆಗಳು ಹಾಗೇ ಉಳಿದವು, ದೋಸೆಯ ತೂತಿನಂತೆ. ಮುಂದೆ ಖನಿಜ ಕರಗಿದ ನೀರು ಆ ತೂತುಗಳಿಗೆ ಇಳಿದು, ಅಲ್ಲಿ ಕಣ ಕಣವಾಗಿ ಹರಳು ಕಟ್ಟಿತು. ಅದರಲ್ಲಿ ಬೆಣಚು ಇರಬಹುದು, ಕ್ಯಾಲ್ಸೈಟ್ ಇರಬಹುದು, ಜಿಯೋಲೈಟ್ ಇರಬಹುದು. ಬೆಣಚು ಗಾಜನ್ನು ಗೀರುತ್ತದೆ. ಕ್ಯಾಲ್ಸೈಟ್ ಮೇಲೆ ನಿಂಬೆರಸ ಹಿಂಡಿದರೆ ನೊರೆ ಏಳುತ್ತದೆ. (ಮಕ್ಕಳೇ, ಕಲ್ಲು ಒಡೆಯುವ ಕೆಲಸ ಮಾತ್ರ ದೊಡ್ಡವರಿಗೆ ಬಿಡಿ, ಚೂರು ಕಣ್ಣಿಗೆ ಸಿಡಿಯುತ್ತದೆ.) ಜಿಯೋಲೈಟಿನದು ಇನ್ನೊಂದು ತಮಾಷೆ. ಕಾಯಿಸಿದರೆ ಅದರೊಳಗಿನ ನೀರು ಕುದಿದು ಹೊರಬರುತ್ತದೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅದನ್ನು ಕಂಡೇ ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂದು ಹೆಸರಿಟ್ಟ.

ಇದೇ ಕರಿಕಲ್ಲು ಸವೆದು ಪುಡಿಯಾಗಿ ನಮ್ಮ ಎರೆಮಣ್ಣಾಯಿತು. ಇಲ್ಲಿಂದ ಮುಂದಿನ ಮಾತು ಅಷ್ಟು ಚಂದದ್ದಲ್ಲ.

ಸಂಜೆ ನನ್ನ ತಮ್ಮನ ಹೊಲಕ್ಕೆ ಹೋದೆವು. ತಗ್ಗಿನ ಕಡೆ ಕಬ್ಬಿಲ್ಲ, ಕರಿ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳುಪು. ಮೊಮ್ಮಗಳು ಭೂತಗನ್ನಡಿ ಹಿಡಿದು, “ಇಲ್ಲೂ ಹರಳು ಅದಾವ!” ಎಂದು ಕುಣಿದಳು. ತಮ್ಮ ನಗಲಿಲ್ಲ. “ಅದು ಸವಳವ್ವಾ, ಹೊಲಾ ತಿಂತೈತಿ” ಅಂದ.

ಕೃಷ್ಣೆಯ ದಂಡೆಯ ಎಷ್ಟೋ ಹೊಲಗಳ ಕಥೆ ಇದು. ಕಬ್ಬಿಗೆಂದು ವರ್ಷವಿಡೀ ನೀರು ಹಾಯಿಸುತ್ತೇವೆ. ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ನೆಲದೊಳಗಿನ ನೀರು ಮೇಲೇರಿ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಕಲ್ಲಿನ ತೂತಿನಲ್ಲಿ ಲಕ್ಷಾಂತರ ವರ್ಷ ಹಿಡಿಯಬಹುದಾದ ಕೆಲಸ ಹೊಲದಲ್ಲಿ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಬ್ಯಾಂಕಿನಲ್ಲಿ ಬೆಳೆಸಾಲದ ಕಾಗದ ಬರೆಯುತ್ತಿದ್ದ ಕಾಲಕ್ಕೆ ‘ಸವಳು’ ಎಂಬ ಮಾತು ಕೇಳಿದೊಡನೆ ರೈತನ ಮುಖ ನೋಡಲಾಗುತ್ತಿರಲಿಲ್ಲ.

ತಮ್ಮ ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಮ್ ಹಾಕಿಸಿದ್ದಾನೆ. ಜಿಪ್ಸಮ್ಮೂ ಒಂದು ಹರಳೇ. ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಅದರೊಳಗಿನ ಕ್ಯಾಲ್ಸಿಯಂ ಬಿಡಿಸುತ್ತದೆ. ಬಿಟ್ಟ ಉಪ್ಪು ಬಸಿದು ಹೋಗಲು ನೆಲದೊಳಗೆ ತೂತಿನ ಕೊಳವೆ ಹೂಳಿಸಿದ್ದಾನೆ. ಖರ್ಚು ಕಡಿಮೆಯದಲ್ಲ.

ಕೊಳವೆಯ ಬಾಯಿಂದ ಬಸಿಯುವ ನೀರನ್ನು ಮೊಮ್ಮಗಳು ಒಂದು ತಟ್ಟೆಗೆ ಹಿಡಿದು ಮಾಳಿಗೆಯ ಮೇಲಿಟ್ಟಳು. ಎರಡು ದಿನಕ್ಕೆ ನೀರು ಆರಿ, ಅಂಚಿಗೆ ಬಿಳಿ ಗೆರೆ ಉಳಿಯಿತು. “ಸಣ್ಣಜ್ಜಾ, ಇಷ್ಟು ಉಪ್ಪು ಹೊಲಾ ಬಿಟ್ಟು ಬಂತು ನೋಡು” ಎಂದು ತಮ್ಮನಿಗೆ ತೋರಿಸಿದಳು. ಅವನು ತಟ್ಟೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.